ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ಬದಲು ಕೈಯಲ್ಲಿ ಹಿಡಿಯುವ ಗೇಮಿಂಗ್ ಯಂತ್ರ ಸಾಕಾಗುತ್ತದಾ?

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ನಾನು ಹೊಲಿಗೆ ಮಾಡುತ್ತೇನೆ, ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾರೆ. ಮಗನಿಗೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಹಾಸ್ಟೆಲ್‌ನಲ್ಲಿ ಇರುತ್ತಾನೆ. ಲ್ಯಾಪ್‌ಟಾಪಿಗೆ ಅಂತ ಚೀಟಿ ಎತ್ತಿ 60 ಸಾವಿರ ತೆಗೆದಿಟ್ಟಿದ್ದೇವೆ. ಈಗ ಅವನು ಲ್ಯಾಪ್‌ಟಾಪ್ ಬೇಡ, ಸ್ಟೀಮ್ ಡೆಕ್ ಕೊಡಿಸು ಅಂತ ಕುಳಿತಿದ್ದಾನೆ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಎರಡೂ ಕಡೆ ಗುಂಡಿ, ನಡುವೆ ಸಣ್ಣ ಪರದೆ. ಆಟ ಆಡುವ ಸಾಮಾನು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕೇಳಿದರೆ ‘ಅವ್ವಾ, ಇದೂ ಕಂಪ್ಯೂಟರ್ ಐತಿ, ಕೀಬೋರ್ಡ್ ಹಚ್ಚಿದ್ರ ಎಲ್ಲಾ ಕೆಲಸ ಆಗ್ತೈತಿ’ ಅನ್ನುತ್ತಾನೆ. ಖರೆ ಹೇಳುತ್ತಿದ್ದಾನೋ, ಆಟದ ಆಸೆಗೆ ನಮ್ಮನ್ನು ಒಪ್ಪಿಸುತ್ತಿದ್ದಾನೋ ತಿಳಿಯುತ್ತಿಲ್ಲ. ಏನು ಮಾಡಲಿ?
— ಒಬ್ಬ ತಾಯಿ, ಬೆಟಗೇರಿ

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಮೊದಲು ಆ ಚಿಂತೆ ಬಿಡಿ. ಅದು ಖರೆನೇ ಕಂಪ್ಯೂಟರ್. ಆದರೆ ಅದು ಲ್ಯಾಪ್‌ಟಾಪಿನ ಕೆಲಸಕ್ಕೆ ಬರುವುದಿಲ್ಲ, ಮೇಜಿನ ಮೇಲೆ ಇಡುವ ಡೆಸ್ಕ್‌ಟಾಪಿನ ಕೆಲಸಕ್ಕೆ ಬರುತ್ತದೆ. ಈ ಎರಡಕ್ಕೂ ಎಷ್ಟು ಫರಕು ಇದೆ ಅಂತ ನನಗೆ ತಿಳಿದದ್ದು ನಾಲ್ಕು ತಿಂಗಳು ಅದರಲ್ಲೇ ದುಡಿದ ಮೇಲೆ.

ಹೋದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪಿನ ಬೋರ್ಡು ಸುಟ್ಟುಹೋಯಿತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಧಾರವಾಡದ ಹುಡುಗರ ಪಿಎಚ್‌ಡಿ ಪ್ರಬಂಧ. ಕೈಯಲ್ಲಿ ಮೂರು ಪ್ರಬಂಧ ಇದ್ದವು, ರಿಪೇರಿಯವರು ಎರಡು ವಾರ ಅಂದರು. ಅಕ್ಕನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ತನ್ನ ಬ್ಯಾಗಿನಿಂದ ಸ್ಟೀಮ್ ಡೆಕ್ ತೆಗೆದು ‘ಮೌಶಿ, ಇದನ್ನ ಇಟ್ಕೋ, ನಿನ್ನ ಕೆಲಸ ನಡೀತದ’ ಅಂದ. ನಾನು ನಂಬಲಿಲ್ಲ. ಅವನು ಮಾತಾಡಲಿಲ್ಲ, ಪವರ್ ಗುಂಡಿಯನ್ನು ಹಾಗೇ ಒತ್ತಿ ಹಿಡಿದ. ಒಂದು ಪಟ್ಟಿ ಬಂತು. ಅದರಲ್ಲಿ ‘ಸ್ವಿಚ್ ಟು ಡೆಸ್ಕ್‌ಟಾಪ್’ ಆರಿಸಿದ. ಆಟದ ಚಿತ್ರಗಳೆಲ್ಲ ಹೋಗಿ, ಕೆಳಗೆ ಪಟ್ಟಿ, ಮೂಲೆಯಲ್ಲಿ ಗಡಿಯಾರ, ಫೋಲ್ಡರುಗಳು ಬಂದವು. ನಾವು ದಿನಾ ನೋಡುವ ಕಂಪ್ಯೂಟರೇ. ಬಲಗಡೆ ಇರುವ ಸಣ್ಣ ಚೌಕದ ಮೇಲೆ ಹೆಬ್ಬೆರಳು ಸರಿಸಿದರೆ ಬಾಣ ಓಡಾಡುತ್ತದೆ, ಬಲಗೈ ತೋರುಬೆರಳಿನ ಹಿಂದಿನ ಗುಂಡಿ ಒತ್ತಿದರೆ ಕ್ಲಿಕ್ ಆಗುತ್ತದೆ.

ಒಳಗೆ ಏನಿದೆ ಅಂತ ನಿಮ್ಮ ಮಗನಿಗೆ ಗೊತ್ತಿದ್ದೇ ಇರುತ್ತದೆ. ನಿಮಗೂ ಗೊತ್ತಿರಲಿ. ಇದನ್ನು ಮಾಡಿದ್ದು ಅಮೆರಿಕದ ವಾಲ್ವ್ ಕಂಪನಿ, ಮಾರುಕಟ್ಟೆಗೆ ಬಂದಿದ್ದು 2022ರ ಫೆಬ್ರವರಿಯಲ್ಲಿ. ಎಎಂಡಿಯ ನಾಲ್ಕು ಕೋರಿನ ಪ್ರೊಸೆಸರ್; ಒಮ್ಮೆಗೇ ಹಲವು ಕೆಲಸ ತೆರೆದಿಡಲು ಬೇಕಾಗುವ ನೆನಪು, ಅಂದರೆ 16 ಜಿಬಿ ರ‍್ಯಾಮ್. ನೀವು ತೆಗೆದಿಟ್ಟ ದುಡ್ಡಿಗೆ ಬರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ 8 ಜಿಬಿ ಮಾತ್ರ ಇರುತ್ತದೆ. ಮೊದಲ ಮಾದರಿಯ ಪರದೆ 7 ಇಂಚು, ತೂಕ 669 ಗ್ರಾಂ. ಅರ್ಧ ಕಿಲೋ ಪೇಡೆಯ ಡಬ್ಬಿಗಿಂತ ಒಂದಿಷ್ಟು ಭಾರ, ಅಷ್ಟೇ. 2023ರ ನವೆಂಬರಿನಲ್ಲಿ ಓಎಲ್ಇಡಿ ಪರದೆಯದು ಬಂತು, ಅದು 7.4 ಇಂಚು. ನಿಂಟೆಂಡೊ ಸ್ವಿಚ್ ಅಂತ ನೋಡಲು ಹೀಗೇ ಇರುವ ಇನ್ನೊಂದು ಇದೆ. ಅದರಲ್ಲಿ ಆಟ ಬಿಟ್ಟು ಇಂಥ ಕೆಲಸ ನಡೆಯುವುದಿಲ್ಲ. ಮಗ ಮನಸ್ಸು ಬದಲಿಸಿ ಅದನ್ನು ತೋರಿಸಿದರೆ ಹ್ಞೂಂ ಅನ್ನಬೇಡಿ.

ಈಗ ನನ್ನ ಮೇಜಿನ ಕಥೆ. ಈ ಯಂತ್ರಕ್ಕೆ ಇರುವುದು ಒಂದೇ ಯುಎಸ್‌ಬಿ-ಸಿ ಕಿಂಡಿ. ಚಾರ್ಜರೂ ಅಲ್ಲೇ, ಮಾನಿಟರೂ ಅಲ್ಲೇ, ಕೀಬೋರ್ಡೂ ಅಲ್ಲೇ. ಅದಕ್ಕೇ ಹಬ್ ಅನ್ನುವ ಸಣ್ಣ ಪೆಟ್ಟಿಗೆ ಬೇಕು. ನಾನು ಕೊಪ್ಪೀಕರ ರಸ್ತೆಯಲ್ಲಿ ಒಂದು ತಂದೆ. ಹಳೇ ಮಾನಿಟರ್ ಇತ್ತು, ಕೀಬೋರ್ಡ್ ಇತ್ತು. ಯಂತ್ರ ನಿಲ್ಲಿಸಲು ಸ್ಟ್ಯಾಂಡ್ ಇರಲಿಲ್ಲ. ಅಡುಗೆಮನೆಯಲ್ಲಿ ತಾಟು ನಿಲ್ಲಿಸುವ ಸ್ಟೀಲಿನ ಸ್ಟ್ಯಾಂಡ್ ಇರುತ್ತದಲ್ಲ, ಅದರಲ್ಲೇ ಇಟ್ಟೆ. ಸುಮ್ನೆ ಇಟ್ಟಿದ್ದಲ್ಲ, ಅದಕ್ಕೊಂದು ಕಾರಣ ಇತ್ತು. ಈ ಯಂತ್ರ ಬೆನ್ನಿನಿಂದ ಗಾಳಿ ಎಳೆದು ಮೇಲಿನಿಂದ ಬಿಸಿ ಹೊರಗೆ ಹಾಕುತ್ತದೆ. ಹಾಸಿಗೆ ಮೇಲೆ, ಟವೆಲಿನ ಮೇಲೆ ಮಲಗಿಸಿದರೆ ಉಸಿರು ಕಟ್ಟುತ್ತದೆ. ತಾಟಿನ ಸ್ಟ್ಯಾಂಡಿನಲ್ಲಿ ಬೆನ್ನು ಪೂರ್ತಿ ತೆರೆದಿರುತ್ತದೆ. ನಮ್ಮ ರಸ್ತೆಯ ಧೂಳಿಗೆ ವಾರಕ್ಕೊಮ್ಮೆ ಬ್ರಷ್ ಹಾಕಿ ಆ ಜಾಲರಿ ಒರೆಸುತ್ತಿದ್ದೆ.

ಹೀಗೆ ಕುಳಿತರೆ ಕೆಲಸ ಬಹಳ ಚೆನ್ನಾಗಿ ನಡೆಯಿತು. ಲಿಬ್ರೆಆಫೀಸಿನಲ್ಲಿ 300 ಪುಟದ ಪ್ರಬಂಧ, ಪಕ್ಕದಲ್ಲಿ ಫೈರ್‌ಫಾಕ್ಸ್, ಅದರಲ್ಲಿ ಹತ್ತು ಹನ್ನೆರಡು ಪುಟ ತೆರೆದಿಟ್ಟಿದ್ದರೂ ಎಲ್ಲೂ ತಡವರಿಸಲಿಲ್ಲ. ಒಂದು ಸಂಜೆ ಮಳೆ ಜೋರಾಗಿ ಕರೆಂಟ್ ಹೋಯಿತು. ಮಾನಿಟರ್ ಕಪ್ಪಾಯಿತು. ಮಾಡಿದ್ದೆಲ್ಲ ಹೋಯಿತು ಅಂತ ಎದೆ ಧಸಕ್ಕಂದಿತು. ನೋಡುತ್ತೇನೆ, ನಾನು ಬರೆಯುತ್ತಿದ್ದ ಪುಟ ತಾಟಿನ ಸ್ಟ್ಯಾಂಡಿನಲ್ಲಿದ್ದ ಆ ಸಣ್ಣ ಪರದೆಗೆ ಬಂದು ಕುಳಿತಿತ್ತು. ಬ್ಯಾಟರಿ ಇರುವ ಯಂತ್ರ, ಅದಕ್ಕೆ ಕರೆಂಟಿನ ಹಂಗಿಲ್ಲ. ಕೀಬೋರ್ಡ್ ಒಂದು ಕ್ಷಣ ಸತ್ತು ಮತ್ತೆ ಜೀವ ಬಂತು. ಮೇಣದಬತ್ತಿ ಹಚ್ಚಿಕೊಂಡು, ಕನ್ನಡಕ ಮೇಲೆ ಸರಿಸಿ, ಆ ಅಧ್ಯಾಯ ಮುಗಿಸಿಯೇ ಎದ್ದೆ. ಹಳೇ ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಕೂಗುತ್ತಿತ್ತು, ನಾನು ಓಡುತ್ತಿದ್ದೆ.

ಇನ್ನು ಇನ್ನೊಂದು ಮುಖ. ಧಾರವಾಡಕ್ಕೆ ಪ್ರೂಫ್ ತೋರಿಸಲು ಹೋಗಬೇಕಿತ್ತು. ಚಿಗರಿ ಬಸ್ಸಿನಲ್ಲಿ ಹೋಗುವಾಗ ಎರಡು ಪುಟ ತಿದ್ದೋಣ ಅಂತ ಯಂತ್ರ, ಬ್ಲೂಟೂತ್ ಕೀಬೋರ್ಡ್ ಎರಡೂ ಒಯ್ದೆ. ಯಂತ್ರ ತೊಡೆಯ ಮೇಲಿಟ್ಟರೆ ಕೀಬೋರ್ಡಿಗೆ ಜಾಗ ಇಲ್ಲ. ಕೀಬೋರ್ಡ್ ತೊಡೆಯ ಮೇಲಿಟ್ಟರೆ ಯಂತ್ರ ಹಿಡಿಯಲು ಮೂರನೇ ಕೈ ಬೇಕು. ಪರದೆಯ ಮೇಲೇ ಕೀಬೋರ್ಡ್ ತರಿಸಬಹುದು, ಸ್ಟೀಮ್ ಗುಂಡಿ ಮತ್ತು ಎಕ್ಸ್ ಒಟ್ಟಿಗೆ ಒತ್ತಬೇಕು. ಆಗ ಅರ್ಧ ಪರದೆ ಅದೇ ನುಂಗುತ್ತದೆ, ಉಳಿದ ಅರ್ಧದಲ್ಲಿ ನಾಲ್ಕು ಸಾಲು ಕಾಣುತ್ತದೆ. ಉಣಕಲ್ ದಾಟುವಷ್ಟರಲ್ಲಿ ಚೀಲಕ್ಕೆ ಹಾಕಿದೆ. ಪಕ್ಕದ ಸೀಟಿನ ಹುಡುಗಿ ಲ್ಯಾಪ್‌ಟಾಪ್ ತೆರೆದು ಧಾರವಾಡದವರೆಗೂ ಬರೆಯುತ್ತಲೇ ಇದ್ದಳು. ಅಲ್ಲೇ ನನಗೆ ಅರ್ಥವಾಗಿದ್ದು. ಲ್ಯಾಪ್‌ಟಾಪ್ ಅಂದರೆ ಪರದೆ, ಕೀಬೋರ್ಡ್, ಕೀಲು ಮೂರೂ ಒಂದೇ ಜೀವ. ಎಲ್ಲಿ ಬಿಚ್ಚಿದರೂ ಅದೇ ಮೇಜು. ಇದಕ್ಕಾದರೆ ಮೇಜು ನಾವು ಹುಡುಕಬೇಕು.

ನಿಮ್ಮ ಮಗ ಇರುವುದು ಹಾಸ್ಟೆಲ್‌ನಲ್ಲಿ. ಅಲ್ಲಿ ಮೇಜು ಒಬ್ಬನದೇ ಇರುತ್ತದೋ, ಇಬ್ಬರು ಮೂವರಿಗೆ ಒಂದೋ? ಮಾನಿಟರ್ ಇಡಲು ಜಾಗ ಇದೆಯೋ? ಲ್ಯಾಬಿಗೆ, ಲೈಬ್ರರಿಗೆ, ಗೆಳೆಯನ ರೂಮಿಗೆ ದಿನಾ ಹೊತ್ತು ತಿರುಗಬೇಕು. ಹಬ್, ಕೀಬೋರ್ಡ್, ಮೌಸ್, ವೈರು ಎಲ್ಲ ಚೀಲದಲ್ಲಿ ಬೇಕು. ಆ ಒಂದೇ ಕಿಂಡಿಗೆ ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವುದೂ ಒಳ್ಳೆಯದಲ್ಲ. ನನ್ನ ಹಬ್ಬಿನ ವೈರು ಮೂರನೇ ತಿಂಗಳಿಗೇ ಸಡಿಲಾಗಿ, ಮೊಣಕೈ ತಾಗಿದರೆ ಸಾಕು, ಮಾನಿಟರ್ ಆರುತ್ತಿತ್ತು. ಹಬ್ ಬದಲಿಸಿದೆ. ಕಿಂಡಿಯೇ ಕೆಟ್ಟಿದ್ದರೆ ಚಾರ್ಜಿಗೂ ದಾರಿ ಇರಲಿಲ್ಲ.

ಬ್ಯಾಟರಿ ಬಗ್ಗೆಯೂ ಕೇಳಿಕೊಳ್ಳಿ. ಮೊದಲ ಮಾದರಿಗೆ 2ರಿಂದ 8 ತಾಸು, ಓಎಲ್ಇಡಿಗೆ 3ರಿಂದ 12 ತಾಸು ಅಂತ ಕಂಪನಿಯೇ ಹೇಳುತ್ತದೆ. ದೊಡ್ಡ ಆಟ ಆಡಿದರೆ ಕೆಳಗಿನ ಲೆಕ್ಕ, ಬರೀ ಬರೆದರೆ ಮೇಲಿನ ಕಡೆಗೆ. ರಾತ್ರಿ ಆಡಿ ಬೆಳಿಗ್ಗೆ ಕ್ಲಾಸಿಗೆ ಒಯ್ದರೆ ಮಧ್ಯಾಹ್ನಕ್ಕೆ ಸಾಲುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಸ್ಟೀಮ್ ಡೆಕ್ ನಡೆಯುವುದು ಸ್ಟೀಮ್ಓಎಸ್ ಅನ್ನುವ ಮೂಲ ತಂತ್ರಾಂಶದ ಮೇಲೆ. ಅದು ಲಿನಕ್ಸ್, ವಿಂಡೋಸ್ ಅಲ್ಲ. ಸಿ, ಪೈಥಾನ್, ಜಾವಾ ಕಲಿಯಲು ಲಿನಕ್ಸ್ ತುಂಬಾ ಒಳ್ಳೆಯದು, ಅದರಲ್ಲಿ ಕೈ ಪಳಗಿದ ಹುಡುಗ ಮುಂದೆ ಎಲ್ಲಿಗೆ ಹೋದರೂ ತಡವರಿಸುವುದಿಲ್ಲ. ಆದರೆ ಮೊದಲ ವರ್ಷ ಎಲ್ಲ ಬ್ರ್ಯಾಂಚಿನವರಿಗೂ ಕಂಪ್ಯೂಟರ್ ಡ್ರಾಯಿಂಗ್ ಇಡುವ ಕಾಲೇಜುಗಳಿವೆ. ಅದಕ್ಕೆ ಬಳಸುವ ಸಾಲಿಡ್‌ವರ್ಕ್ಸ್ ಲಿನಕ್ಸಿಗೆ ಇಲ್ಲ, ಕಂಪ್ಯೂಟರಿಗೆ ಹಾಕುವ ಆಟೋಕ್ಯಾಡೂ ಇಲ್ಲ. ಆನ್‌ಲೈನ್ ಪರೀಕ್ಷೆಗೆ ಕೆಲವರು ಬಳಸುವ ಸೇಫ್ ಎಕ್ಸಾಂ ಬ್ರೌಸರ್ ವಿಂಡೋಸ್, ಮ್ಯಾಕ್, ಐಪ್ಯಾಡುಗಳಿಗೆ ಇದೆ, ಲಿನಕ್ಸಿಗೆ ಇಲ್ಲ. ಸ್ಟೀಮ್ ಡೆಕ್ಕಿನಲ್ಲಿ ಮೈಕ್ ಇದೆ, ಕ್ಯಾಮೆರಾ ಇಲ್ಲ. ಮೂರನೇ ವರ್ಷದ ಹೊತ್ತಿಗೆ ಕಂಪನಿಗಳ ಪರೀಕ್ಷೆ ಶುರುವಾದಾಗ ಕ್ಯಾಮೆರಾ ಮುಂದೆ ಕುಳಿತೇ ಬರೆಯಬೇಕಾಗುತ್ತದೆ. ಬೇರೆ ಕ್ಯಾಮೆರಾ ಸಿಕ್ಕಿಸಬಹುದು ಖರೆ, ಆದರೆ ಆ ದಿನ ಅದು ಹಿಡಿಯದೆ ಹೋದರೆ ಹುಡುಗನ ವರ್ಷದ ಪ್ರಶ್ನೆ.

ಹಾಗಾದರೆ ವಿಂಡೋಸ್ ಇರುವುದೇ ತರೋಣ ಅಂತ ಮಗ ಹೇಳಬಹುದು. ಇದೆ. ಏಸುಸ್ ಕಂಪನಿಯ ಆರ್‌ಒಜಿ ಅಲೈ, ಒಳಗೆ ವಿಂಡೋಸ್ 11. ಭಾರತಕ್ಕೆ 2023ರ ಜುಲೈನಲ್ಲಿ ಬಂದಾಗ ಅದರ ದರ 69,990 ರೂಪಾಯಿ. ಅದರ ಮೇಲೆ ಹಬ್, ಕೀಬೋರ್ಡ್, ಮಾನಿಟರ್ ಸೇರಿಸಿ. ಸ್ಟೀಮ್ ಡೆಕ್ಕನ್ನಂತೂ ವಾಲ್ವ್ ಕಂಪನಿ ಭಾರತದಲ್ಲಿ ನೇರ ಮಾರುವುದಿಲ್ಲ. ಇಲ್ಲಿ ಸಿಗುವುದು ಹೊರದೇಶದಿಂದ ಯಾರೋ ತಂದು ಮಾರುವ ಮಾಲು, ಕೆಟ್ಟರೆ ಕಂಪನಿಯ ವಾರಂಟಿ ಇಲ್ಲಿ ಕೇಳುವಂತಿಲ್ಲ. ಚೀಟಿ ಕಟ್ಟಿ ಕೂಡಿಸಿದ ದುಡ್ಡು. ನನಗೆ ಇದೇ ಜಾಸ್ತಿ ಹೆದರಿಕೆ.

ಅದಕ್ಕೆ ನನ್ನ ಮಾತು ಇಷ್ಟು. ಈಗ ಲ್ಯಾಪ್‌ಟಾಪನ್ನೇ ಕೊಡಿಸಿ. 16 ಜಿಬಿ ರ‍್ಯಾಮ್ ಇರುವುದು, ಅಥವಾ ಮುಂದೆ ಹೆಚ್ಚಿಸಲು ಜಾಗ ಇರುವುದು ನೋಡಿ ತೆಗೆದುಕೊಳ್ಳಿ. ಲಿನಕ್ಸ್ ಬೇಕಿದ್ದರೆ ಅವನು ಅದರಲ್ಲೇ ಪಕ್ಕಕ್ಕೆ ಹಾಕಿಕೊಳ್ಳಲಿ. ಅವನು ಮನೆಯಿಂದಲೇ ಓದುವವನಾಗಿದ್ದು, ಮನೆಯಲ್ಲಿ ಮೇಜು, ಮಾನಿಟರ್ ಇದ್ದು, ಕಾಲೇಜಿನ ಲ್ಯಾಬಿನಲ್ಲೇ ಡ್ರಾಯಿಂಗ್ ಮುಗಿಯುವಂತಿದ್ದರೆ ನಾನು ಹ್ಞೂಂ ಅನ್ನುತ್ತಿದ್ದೆ. ಅವನ ಮನಸ್ಸು ಮಾತ್ರ ಮುರಿಯಬೇಡಿ. ಅವನು ಯಂತ್ರದ ಬಗ್ಗೆ ಓದಿ, ತಿಳಿದು ಬಂದು ಕೇಳಿದ್ದಾನೆ. ‘ನೀ ಹೇಳಿದ್ದು ಖರೆ ಐತಿ, ಅಕ್ಕಾರೂ ಅದರಾಗ ಕೆಲಸ ಮಾಡ್ಯಾರ’ ಅಂತ ಹೇಳಿಯೇ ಮುಂದಿನ ಮಾತು ಆಡಿ. ಯಾವ ಸಾಫ್ಟ್‌ವೇರ್ ಬೇಕು ಅಂತ ಕಾಲೇಜಿನಲ್ಲಿ ಕೇಳಿ ಬರೆದುಕೊಂಡು ಬರಲು ಅವನಿಗೇ ಹೇಳಿ. ಆ ಪಟ್ಟಿ ನೋಡಿ ಅವನೇ ಅರ್ಧ ತೀರ್ಮಾನ ಮಾಡುತ್ತಾನೆ.

ಆಟದ ಭಯ ಅಂದಿರಲ್ಲ. ಸ್ಟೀಮ್ ಡೆಕ್ ಆನ್ ಮಾಡಿದರೆ ಮೊದಲು ಬರುವುದು ಆಟಗಳ ಪುಟವೇ, ಕೆಲಸಕ್ಕೆ ನಾವು ದಾಟಿ ಹೋಗಬೇಕು. ಐವತ್ತು ದಾಟಿದ ನಾನೇ ಒಂದೆರಡು ರಾತ್ರಿ ಅಲ್ಲೇ ನಿಂತಿದ್ದೆ. ಮುಂದೆ ಎಂದಾದರೂ ಅವನು ತನ್ನ ಗಳಿಕೆಯಲ್ಲಿ ಇದನ್ನು ತಂದರೆ ಒಂದು ದಾರಿ ಹೇಳಿಕೊಡಿ. ಇದಕ್ಕೆ ಮೈಕ್ರೋಎಸ್‌ಡಿ ಕಾರ್ಡ್ ಹಾಕುವ ಜಾಗ ಇದೆ. ಆಟಗಳೆಲ್ಲ ಕಾರ್ಡಿನಲ್ಲಿ, ಓದಿನ ಕೆಲಸ ಒಳಗಿನ ಡಿಸ್ಕಿನಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಉಗುರಿನಷ್ಟು ದೊಡ್ಡ ಆ ಕಾರ್ಡ್ ತೆಗೆದು ನಿಮ್ಮ ಹೊಲಿಗೆ ಡಬ್ಬಿಯಲ್ಲಿ ಇಡಲಿ.

ಕಾಲೇಜಿನ ಪಟ್ಟಿ ಸಿಕ್ಕ ಮೇಲೆ ಮತ್ತೆ ಬರೆಯಿರಿ. ಯಾವ ಲ್ಯಾಪ್‌ಟಾಪ್ ಅಂತ ಆಗ ಹೇಳುತ್ತೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದೇನೆ. ಅಣ್ಣ ತನ್ನ ಹಳೇ ಸ್ಟೀಮ್ ಡೆಕ್ ಕೊಟ್ಟಿದ್ದಾನೆ. ರೂಮಿನಲ್ಲಿ ಮಾನಿಟರ್ ಇದೆ. ಕಿರುಪ್ರಬಂಧ ಇದರಲ್ಲೇ ಬರೆಯಬೇಕು. ನುಡಿ ಹಾಕಲು ಆಗುತ್ತಿಲ್ಲ. ಕನ್ನಡ ಬರೆಯುವುದು ಹೇಗೆ?
— ವಿದ್ಯಾರ್ಥಿನಿ, ಸಪ್ತಾಪುರ

ಉತ್ತರ: ಇದರಲ್ಲಿ ನಾನು ಒಂದು ಪೂರ್ತಿ ದಿನ ಕಳೆದುಕೊಂಡಿದ್ದೇನೆ, ನೀನು ಕಳೆದುಕೊಳ್ಳಬೇಡ. ನುಡಿ ವಿಂಡೋಸಿಗೆ ಮಾಡಿದ್ದು. ಇಲ್ಲಿ ಬೇರೆ ಏನಾದರೂ ಹಾಕೋಣ ಅಂತ ನಾನು ಟರ್ಮಿನಲ್ ತೆರೆದು, ಬೀಗ ತೆಗೆಯುವ ಆಜ್ಞೆ ಕೊಟ್ಟು, ಕನ್ನಡ ಕೀಲಿಮಣೆಯ ತಂತ್ರಾಂಶ ಹಾಕಿದೆ. ಎಂಟು ದಿನ ಚೆನ್ನಾಗಿ ಬರೆದೆ. ಒಂದು ಬೆಳಿಗ್ಗೆ ಅಪ್‌ಡೇಟ್ ಬಂತು, ಒಪ್ಪಿದೆ. ಯಂತ್ರ ಮತ್ತೆ ಎದ್ದಾಗ ಕನ್ನಡ ಇರಲಿಲ್ಲ. ಸ್ಟೀಮ್ಓಎಸ್ ತನ್ನ ಮುಖ್ಯ ಭಾಗವನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದೆ, ಅಪ್‌ಡೇಟ್ ಆದಾಗ ಆ ಭಾಗ ಪೂರ್ತಿ ಹೊಸದಾಗುತ್ತದೆ. ನಾವು ಅಲ್ಲಿ ತುರುಕಿದ್ದೆಲ್ಲ ಹೋಗುತ್ತದೆ. ನಮ್ಮ ಹೋಮ್ ಫೋಲ್ಡರಿನಲ್ಲಿ ಇದ್ದದ್ದು, ಡಿಸ್ಕವರ್ ಅನ್ನುವ ಅಂಗಡಿಯಿಂದ ಹಾಕಿಕೊಂಡದ್ದು ಮಾತ್ರ ಉಳಿಯುತ್ತದೆ. ಲಿಬ್ರೆಆಫೀಸ್ ಅಲ್ಲಿಂದಲೇ ಹಾಕಿಕೋ.

ಕನ್ನಡಕ್ಕೆ ಏನೂ ಹಾಕುವುದೇ ಬೇಕಿಲ್ಲ. ಡೆಸ್ಕ್‌ಟಾಪಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆ. ಕೀಬೋರ್ಡ್, ಅದರೊಳಗೆ ಲೇಔಟ್ಸ್. ಆ್ಯಡ್ ಒತ್ತಿ ಕನ್ನಡ ಹುಡುಕು. ಪಟ್ಟಿಯಲ್ಲಿ ಎರಡು ಕನ್ನಡ ಬರುತ್ತವೆ. ಒಂದರ ಮುಂದೆ ‘ಕಗಪ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಕನ್ನಡ ಗಣಕ ಪರಿಷತ್ತಿನ ಕಗಪ. ನುಡಿಯಲ್ಲಿ ನಮ್ಮ ಬೆರಳು ಕಲಿತದ್ದು ಅದೇ ವಿನ್ಯಾಸ. ಅಮೆರಿಕದಲ್ಲಿ ಆಟಕ್ಕೆ ಅಂತ ಮಾಡಿದ ಯಂತ್ರದೊಳಗೆ ಆ ಮೂರಕ್ಷರ ಕಂಡ ದಿನ ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದಿಂದ ಈ ಬೆರಳು ಅದರಲ್ಲೇ ಅನ್ನ ದುಡಿದಿವೆ. ಅದನ್ನು ಆರಿಸಿ, ಇಂಗ್ಲಿಷನ್ನೂ ಬಿಡದೆ ಇಟ್ಟುಕೋ. ಕೆಳಗಿನ ಪಟ್ಟಿಯಲ್ಲಿ ಒತ್ತಿ ಅದರಿಂದ ಇದಕ್ಕೆ ಬದಲಿಸಬಹುದು. ಕೆ ಒತ್ತಿದರೆ ಕ, ನಡುವೆ ಎಫ್ ಒತ್ತಿ ಮತ್ತೆ ಕೆ ಒತ್ತಿದರೆ ಕ್ಕ. ಒತ್ತಕ್ಷರಕ್ಕೆಲ್ಲ ಎಫ್. ಒಂದೆರಡು ಚಿಹ್ನೆ ನುಡಿಯಲ್ಲಿದ್ದ ಕಡೆ ಸಿಗದಿದ್ದರೆ ಗಾಬರಿಯಾಗಬೇಡ, ಒಂದು ದಿನ ಬರೆದರೆ ಕೈಗೆ ಹತ್ತುತ್ತದೆ.

ಫಾಂಟ್ ಬೇಕಿದ್ದರೆ ಫೈಲಿನ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಮಾಡು. ನಿನಗೊಬ್ಬಳಿಗೋ ಎಲ್ಲರಿಗೋ ಅಂತ ಕೇಳಿದಾಗ ಪರ್ಸನಲ್ ಅನ್ನು, ಆಗ ಅಪ್‌ಡೇಟಿಗೆ ಹೋಗುವುದಿಲ್ಲ. ಗೈಡ್ ಹಳೇ ನುಡಿಯ ಫೈಲ್ ಕಳಿಸಿದರೆ ಅದು ಯುನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ್ದಿರಬಹುದು, ಇಂಗ್ಲಿಷ್ ಅಕ್ಷರದ ಗಲಿಬಿಲಿ ಕಾಣುತ್ತದೆ. ಆ ಹಳೇ ಫಾಂಟನ್ನೂ ಹೀಗೇ ಹಾಕಿಕೊಂಡರೆ ಓದಲು ಬರುತ್ತದೆ. ನೀನು ಬರೆಯುವುದನ್ನು ಮಾತ್ರ ಯುನಿಕೋಡಿನಲ್ಲೇ ಬರೆ. ದಿನಾ ರಾತ್ರಿ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ ಮಲಗು.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಜಿಎಸ್‌ಟಿ, ಬಿಲ್ ಪ್ರಿಂಟ್ ಇಷ್ಟೇ ಕೆಲಸ. ಅಂಗಡಿ, ಮನೆ ಎರಡೂ ಕಡೆ ಒಯ್ಯಲು ಇಂಥ ಗೇಮಿಂಗ್ ಯಂತ್ರ ಹಗುರ ಅಂತ ಗೆಳೆಯ ಹೇಳಿದ. ತಗೊಳ್ಳಲೇ?
— ಗುಮಾಸ್ತರು, ಹಾವೇರಿ ಜಿಲ್ಲೆ

ಉತ್ತರ: ಬೇಡ. ಟ್ಯಾಲಿಪ್ರೈಮ್ ವಿಂಡೋಸಿನದು. ವಿಂಡೋಸ್ ಇರುವ ಅಲೈನಲ್ಲಿ ಅದು ನಡೆಯುತ್ತದೆ. ಆದರೆ 7 ಇಂಚಿನ ಪರದೆಯಲ್ಲಿ ಖಾತೆಯ ಅಂಕಿ ಓದುತ್ತಾ ಕುಳಿತರೆ ಸೀಸನ್ನಿನಲ್ಲಿ ನಿಮ್ಮ ಕಣ್ಣು ಉಳಿಯುವುದಿಲ್ಲ. ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆಟದ ಗ್ರಾಫಿಕ್ಸಿಗೆ, ಗುಂಡಿಗಳಿಗೆ ಹೋಗುತ್ತದೆ. ನಿಮಗೆ ಅದರ ಉಪಯೋಗ ಒಂದು ಪೈಸೆಯಷ್ಟೂ ಇಲ್ಲ. ಅಂಗಡಿಯಲ್ಲಿ ಒಂದು ಮಾನಿಟರ್, ಮನೆಯಲ್ಲಿ ಒಂದು ಮಾನಿಟರ್ ಇದ್ದರೆ ಅಂಗೈ ಅಗಲದ ಮಿನಿ ಪಿಸಿ ತೆಗೆದುಕೊಳ್ಳಿ, ಚೀಲದಲ್ಲಿ ಹಾಕಿಕೊಂಡು ಓಡಾಡಬಹುದು. ಅದರಲ್ಲಿ ಬ್ಯಾಟರಿ ಇಲ್ಲ, ಹಾಗಾಗಿ ಅಂಗಡಿಯಲ್ಲಿ ಸಣ್ಣ ಯುಪಿಎಸ್ ಇರಲಿ. ಕೀಬೋರ್ಡ್ ಮಾತ್ರ ಬಲಗಡೆ ಅಂಕಿಗಳ ಮನೆ ಇರುವುದೇ ತನ್ನಿ.